ರಾಗಿ ಸೀಮೆಯವರ ರಕ್ತವನ್ನೂ ಒಮ್ಮೆ ನೋಡಿ: ವೈದ್ಯರಿಗೆ, ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ವೈದ್ಯರಿಗೆ, ವೈದ್ಯಕೀಯ ಸಂಶೋಧಕರಿಗೆ ಹಾಗೂ ಆಹಾರ ವಿಜ್ಞಾನಿಗಳಿಗೆ

ಮಾನ್ಯರೇ,

ನಾನು ಮದ್ದೂರು ತಾಲ್ಲೂಕಿನ ಒಂದು ಊರಿನಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತೇನೆ. ನಮ್ಮಪ್ಪ ಇಟ್ಟ ಮಿಲ್ಲು ಅದು. 1998ರಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಪಿಯುಸಿ, ಅದೂ ಎರಡನೇ ಸಲಕ್ಕೆ ಪಾಸು. ನಿಮ್ಮಂಥವರಿಗೆ ಕಾಗದ ಬರೆಯುವ ಧೈರ್ಯ ಬಂದದ್ದು ಗೋಧಿ ತಿಂದರೆ ಕರುಳು ಹಾಳಾಗುವ ಸೀಲಿಯಾಕ್ ಅನ್ನುವ ಕಾಯಿಲೆಯ ದೆಸೆಯಿಂದ. ನಮ್ಮ ಮನೆಯ ನಾಲ್ಕು ಜನರಲ್ಲಿ ಇಬ್ಬರಿಗೆ ಅದಿದೆ. ಮಗಳಿಗೆ ಇದೆ ಅಂತ ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಹೆಂಡತಿಗೆ ಇದೆ ಅಂತ ಗೊತ್ತಾಗಲು ಅಲ್ಲಿಂದ ಇನ್ನೂ ಆರು ವರ್ಷ. ಈ ಹತ್ತು ವರ್ಷ ಯಾಕೆ ಬೇಕಾಯಿತು ಅಂತ ಕೇಳುವುದಕ್ಕೇ ಈ ಪತ್ರ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

2013ರಲ್ಲಿ ಮಗಳಿಗೆ ಏಳು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು. ದಿನಕ್ಕೆ ನಾಲ್ಕೈದು ಸಲ ಬೇಧಿ. ಓರಗೆಯ ಹುಡುಗಿಯರಿಗಿಂತ ಅರ್ಧ ಅಡಿ ಗಿಡ್ಡ. ಮೊದಲು ಜಂತುಹುಳ ಅಂದರು, ಮಾತ್ರೆ ಕೊಟ್ಟರು. ಆಮೇಲೆ ರಕ್ತ ಕಡಿಮೆ ಅಂತ ಕಬ್ಬಿಣದ ಟಾನಿಕ್ಕು. ಬಾಟಲಿ ಮೇಲೆ ಬಾಟಲಿ ಮುಗಿದರೂ ರಕ್ತ ಏರಲಿಲ್ಲ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ಅಲ್ಲಿ ಹೇಳಿದ್ದು ನನಗೆ ಇವತ್ತಿಗೂ ಮಾತು ಮಾತಿಗೆ ನೆನಪಿದೆ. "ಮಗುವಿಗೆ ರಾಗಿ ಅರಗುತ್ತಿಲ್ಲ. ಮುದ್ದೆ ಬಿಡಿಸಿ. ಬ್ರೆಡ್ಡು, ಬಿಸ್ಕೆಟ್ಟು, ಮೆತ್ತಗೆ ಚಪಾತಿ ಕೊಡಿ. ಹಾಲಿಗೆ ಮಾಲ್ಟ್ ಪುಡಿ ಹಾಕಿ ಕುಡಿಸಿ."

ಬ್ರೆಡ್ಡು, ಬಿಸ್ಕೆಟ್ಟು, ಚಪಾತಿ ಮೂರೂ ಗೋಧಿ. ಆ ಮಾಲ್ಟ್ ಪುಡಿ ಬಾರ್ಲಿ ಮತ್ತು ಗೋಧಿಯದು. ಮಗುವಿಗೆ ಆಗದೇ ಇದ್ದದ್ದನ್ನೆಲ್ಲ ಪಟ್ಟಿ ಮಾಡಿ ಬರೆದುಕೊಟ್ಟ ಹಾಗಾಯಿತು. ನಾವು ಶ್ರದ್ಧೆಯಿಂದ ಪಾಲಿಸಿದೆವು. ಒಳ್ಳೆ ಗೋಧಿ ತರಿಸಿ, ಕಲ್ಲು ಆರಿಸಿ, ನನ್ನ ಮಿಲ್ಲಿನಲ್ಲೇ ನುಣ್ಣಗೆ ಬೀಸಿ ಮಗಳಿಗೆ ತಿನ್ನಿಸಿದೆ. ನನ್ನ ಕೈಯಾರೆ.

ಬೇಸಿಗೆ ರಜೆಗೆ ಮಳವಳ್ಳಿ ಕಡೆ ಅಜ್ಜಿ ಮನೆಗೆ ಹೋದಾಗ ಮಾತ್ರ ಹುಷಾರಾಗುತ್ತಿದ್ದಳು. ಅಲ್ಲಿ ಮೂರು ಹೊತ್ತೂ ಹಿಟ್ಟು, ಅನ್ನ, ಸೊಪ್ಪಿನ ಸಾರು. (ನಮ್ಮ ಕಡೆ ಮುದ್ದೆಗೇ ಹಿಟ್ಟು ಅನ್ನುವುದು. 'ಹಿಟ್ಟುಂಡ್ಯಾ' ಅಂದರೆ ಊಟ ಆಯ್ತಾ ಅಂತ.) ವಾಪಸ್ ಬಂದ ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ನಮ್ಮ ಅತ್ತೆ ಡಾಕ್ಟರ ಚೀಟಿ ನೋಡಿ "ಹಿಟ್ಟು ಆಗಾಕಿಲ್ಲ ಅಂದವನು ಯಾವನ್ಲಾ ಅವನು" ಅಂತ ಬೈದಿದ್ದರು. ಓದು ಬರಹ ಇಲ್ಲದವರ ಮಾತು ಅಂತ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನವರು ಮಿಲ್ಲಿನ ಧೂಳು ಆಗುತ್ತಿಲ್ಲ ಅಂದರು. ಅದನ್ನು ನಂಬಿದೆವು. ನಿಜ ಹೇಳಬೇಕೆಂದರೆ ಅದೂ ಪೂರ್ತಿ ಸುಳ್ಳಲ್ಲ, ಆ ಧೂಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಡುವೆ ಕರುಳಿನ ಟಿಬಿ ಇರಬಹುದು ಅಂತ ಆರು ತಿಂಗಳು ಮಾತ್ರೆ ನುಂಗಿಸಿದರು. ಗುಣ ಕಾಣಲಿಲ್ಲ. ದೆಹಲಿಯಲ್ಲಿ ಕೆಲಸ ಮಾಡುವ ನಮ್ಮ ಷಡ್ಡಕರು ಫೋನಿನಲ್ಲಿ ಎಲ್ಲ ಕೇಳಿಕೊಂಡು, ಗೋಧಿ ನಿಲ್ಲಿಸಿ ನೋಡು ಅಂದರು. ಏಳೆಂಟು ತಿಂಗಳು ನಿಲ್ಲಿಸಿದೆವು. ಮಗು ಚಿಗುರಿತು. ಆಗ ಖುಷಿಯಲ್ಲಿ ಮೈಸೂರಿಗೆ ಹೋಗಿ, ಸೀಲಿಯಾಕ್ ಪರೀಕ್ಷೆ ಮಾಡಿ ಅಂತ ನಾವೇ ಕೇಳಿದೆವು. ರಿಪೋರ್ಟು ನಾರ್ಮಲ್ ಬಂತು. "ನಾನು ಹೇಳಿರಲಿಲ್ವಾ? ಇದು ನಾರ್ತ್‌ನವರ ಕಾಯಿಲೆ ಕಣ್ರೀ. ಮಂಡ್ಯದವರಿಗೆ ಬರಲ್ಲ" ಅಂದರು ಅಲ್ಲಿನ ಡಾಕ್ಟರು. ಮತ್ತೆ ಚಪಾತಿ ಶುರು. ಮತ್ತೆ ಬೇಧಿ.

ಗೋಧಿ ಬಿಟ್ಟು ತಿಂಗಳುಗಟ್ಟಲೆ ಆದಮೇಲೆ ರಕ್ತ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಗೊತ್ತಾಗದೆ ಹೋಗಬಹುದು. ಈ ಪರೀಕ್ಷೆ ಹುಡುಕುವುದು ಗೋಧಿ ತಿಂದಾಗ ದೇಹ ತಯಾರಿಸುವ ಪ್ರತಿಕಾಯಗಳನ್ನು. ಗೋಧಿಯೇ ಇಲ್ಲದಿದ್ದರೆ ಅವು ನಿಧಾನಕ್ಕೆ ಇಳಿದುಹೋಗುತ್ತವೆ. "ಎಷ್ಟು ದಿನದಿಂದ ಗೋಧಿ ತಿಂದಿಲ್ಲ?" ಈ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅದನ್ನು ಕೇಳದೇ ಹೋದದ್ದಕ್ಕೆ ಮಗಳ ಬೆಳವಣಿಗೆಯ ಇನ್ನೊಂದು ವರ್ಷ ಹೋಯಿತು. 2017ರಲ್ಲಿ, ಪಂಜಾಬಿನ ಕಡೆ ಕೆಲಸ ಮಾಡಿ ಬಂದಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅವಳನ್ನು ನೋಡಿದ ಐದು ನಿಮಿಷಕ್ಕೆ ಟಿಟಿಜಿ ಅನ್ನುವ ಸೀಲಿಯಾಕ್ ರಕ್ತ ಪರೀಕ್ಷೆ ಬರೆದರು. ಆಮೇಲೆ ಎಂಡೋಸ್ಕೋಪಿ, ಸಣ್ಣ ಕರುಳಿನ ಚೂರು ತೆಗೆದು ಬಯಾಪ್ಸಿ. ಅವಳಿಗೆ ಆಗ 11 ವರ್ಷ.

ಅವಳು ಈಗ ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಎತ್ತರ ಐದಡಿ ಮುಟ್ಟಲಿಲ್ಲ. ಅದು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾಳೆ. ಈ ಪತ್ರದಲ್ಲಿರುವ ವಿಜ್ಞಾನವೆಲ್ಲ ಅವಳು ರಜೆಗೆ ಬಂದಾಗ ಮಿಲ್ಲಿನ ಜಗಲಿಯ ಮೇಲೆ ಕೂತು ನನಗೆ ಹೇಳಿಕೊಟ್ಟದ್ದು. ತಪ್ಪಿದ್ದರೆ ತಿದ್ದಿ. ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಗೋಧಿಯಲ್ಲಿ ಗ್ಲುಟನ್ ಅಂತ ಒಂದು ಅಂಟು ಪ್ರೋಟೀನ್ ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಬರುತ್ತದಲ್ಲ, ಅದರಿಂದಲೇ. ಬಾರ್ಲಿಯಲ್ಲೂ ರೈ ಧಾನ್ಯದಲ್ಲೂ ಅದರ ದಾಯಾದಿಗಳಿದ್ದಾರೆ. ರಾಗಿ, ಅಕ್ಕಿ, ಜೋಳ, ನವಣೆಯಲ್ಲಿ ಇಲ್ಲ. ಅದಕ್ಕೇ ರಾಗಿ ರೊಟ್ಟಿಯನ್ನು ಚಪಾತಿ ಹಾಗೆ ಲಟ್ಟಿಸಲು ಬರುವುದಿಲ್ಲ, ತಟ್ಟಬೇಕು. ಈ ಗ್ಲುಟನ್ನನ್ನು ಯಾರ ಹೊಟ್ಟೆಯೂ ನುಣ್ಣಗೆ ಬೀಸಲಾರದು. ನುಚ್ಚು ಉಳಿಯುತ್ತದೆ. ಅಂಥ ಒಂದು ನುಚ್ಚು 33 ಅಮೈನೋ ಆಮ್ಲಗಳ ಸರಪಳಿ ಅಂತ 2002ರಲ್ಲಿ ಕಂಡುಹಿಡಿದರಂತೆ. ನನ್ನ ನಿಮ್ಮ ಹೊಟ್ಟೆಯಲ್ಲಿ ಆ ನುಚ್ಚಿನಿಂದ ತೊಂದರೆ ಇಲ್ಲ. ಕೆಲವರ ಕರುಳಿನ ಗೋಡೆಯೊಳಗೆ ಅದು ಸೇರಿದಾಗ, ಟ್ರಾನ್ಸ್‌ಗ್ಲುಟಮಿನೇಸ್ ಅನ್ನುವ ನಮ್ಮದೇ ಒಂದು ಕಿಣ್ವ ಅದರ ರೂಪ ಸ್ವಲ್ಪ ಬದಲಾಯಿಸುತ್ತದೆ. ಬದಲಾದ ನುಚ್ಚು ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಅನ್ನುವ ಪ್ರೋಟೀನಿನ ಕಚ್ಚಿಗೆ ಅಳತೆ ಮಾಡಿಸಿದ ಹಾಗೆ ಕೂತುಬಿಡುತ್ತದೆ. ಆ ಪ್ರೋಟೀನ್ ಅದನ್ನು ಎತ್ತಿ ಹಿಡಿದು, ಮೈ ಕಾಯುವ ಟಿ ಕೋಶಗಳಿಗೆ ತೋರಿಸುತ್ತದೆ. ಅವು ಕಳ್ಳ ಬಂದ ಅಂತ ಕೂಗೆಬ್ಬಿಸುತ್ತವೆ. ಹೊಡೆತ ಬೀಳುವುದು ಮಾತ್ರ ನಮ್ಮ ಕರುಳಿಗೆ. ಕರುಳಿನ ಒಳಗೆ ಟರ್ಕಿ ಟವಲಿನ ಎಳೆಗಳ ಹಾಗೆ ಎದ್ದು ನಿಂತಿರುವ ವಿಲ್ಲೈಗಳು ಸವೆದು ಬೋಳಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕಬ್ಬಿಣದ ಟಾನಿಕ್ಕೂ ಹತ್ತುವುದಿಲ್ಲ.

ಇದರಲ್ಲಿ ವಿಚಿತ್ರ ಏನೆಂದರೆ, ದೇಹ ಆ ಕಿಣ್ವದ ವಿರುದ್ಧವೂ ಪ್ರತಿಕಾಯ ತಯಾರಿಸುತ್ತದೆ. ಸ್ವಂತ ಮನೆಯ ಆಳನ್ನೇ ಶತ್ರು ಅಂದುಕೊಳ್ಳುತ್ತದೆ. 1997ರಲ್ಲಿ ಜರ್ಮನಿಯ ಸಂಶೋಧಕರು ಇದನ್ನು ಗುರುತಿಸಿದರು. ಇವತ್ತಿನ ಟಿಟಿಜಿ ರಕ್ತ ಪರೀಕ್ಷೆ ನಿಂತಿರುವುದು ಅದರ ಮೇಲೆಯೇ. ಅಂದರೆ ಇದು ಅಜೀರ್ಣ ಅಲ್ಲ, ಗೋಧಿಯ ಅಲರ್ಜಿಯೂ ಅಲ್ಲ. ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ. ಇದನ್ನು ನಮ್ಮ ನೆಂಟರಿಗೆ ಅರ್ಥ ಮಾಡಿಸುವುದು ಎಷ್ಟು ಕಷ್ಟ ಅಂತೀರಿ! "ಒಂದು ಚೂರು ತಿಂದರೆ ಏನಾಗುತ್ತೆ, ದೇವರ ಪ್ರಸಾದ" ಅಂತ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಕೈಗೆ ಹಾಕುತ್ತಾರೆ. ಅದು ಗೋಧಿ ರವೆಯದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಡಿಕ್ಯೂ2, ಡಿಕ್ಯೂ8 ತಯಾರಿಸುವ ಜೀನುಗಳು ಆರನೇ ಕ್ರೋಮೋಸೋಮಿನಲ್ಲಿವೆ. ಅಪ್ಪ ಅಮ್ಮನಿಂದ ಬರುತ್ತವೆ. "ನಾರ್ತ್‌ನವರ ಕಾಯಿಲೆ" ಅನ್ನುವ ಮಾತು ಕೇಳಿದಾಗ ನಾನು ಅಂದುಕೊಂಡಿದ್ದೆ, ಆ ಜೀನುಗಳು ನಮ್ಮ ಕಡೆ ಇರಲಿಕ್ಕಿಲ್ಲ ಅಂತ. ಮಗಳು ಒಂದು ದಿನ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದಳು. ವೆಲ್ಲೂರು, ದೆಹಲಿ ಮುಂತಾದ ಕಡೆಯ ವೈದ್ಯರು ಸೇರಿ ದೇಶದ ಮೂರು ಭಾಗಗಳಲ್ಲಿ ಒಟ್ಟು 23,331 ಆರೋಗ್ಯವಂತ ವಯಸ್ಕರ ರಕ್ತ ಪರೀಕ್ಷಿಸಿದ್ದರು. ಸೀಲಿಯಾಕ್ ಪ್ರತಿಕಾಯ ಸಿಕ್ಕಿದ್ದು ಉತ್ತರದಲ್ಲಿ ಶೇ. 1.23 ಜನರಲ್ಲಿ, ಈಶಾನ್ಯದಲ್ಲಿ ಶೇ. 0.87. ದಕ್ಷಿಣದಲ್ಲಿ ಬರೀ ಶೇ. 0.10. ನೋಡಿದಿರಾ, ಡಾಕ್ಟರು ಹೇಳಿದ್ದು ಸರಿಯೇ ಇತ್ತಲ್ಲ ಅಂದೆ. "ಅಪ್ಪ, ಮುಂದಿನ ಸಾಲು ಓದು" ಅಂದಳು.

ಮುಂದಿನ ಸಾಲಿನಲ್ಲಿ ಜೀನಿನ ಲೆಕ್ಕ ಇತ್ತು. ಡಿಕ್ಯೂ2 ಅಥವಾ ಡಿಕ್ಯೂ8 ಇರುವವರು ಉತ್ತರದಲ್ಲಿ ಶೇ. 38.1. ಈಶಾನ್ಯದಲ್ಲಿ ಶೇ. 31.4. ದಕ್ಷಿಣದಲ್ಲಿ ಶೇ. 36.4. ನಮಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ.

ಅಂದರೆ ಮದ್ದು ಬಂದೂಕಿನಲ್ಲಿ ತುಂಬಿಯೇ ಇದೆ. ಕುದುರೆ ಎಳೆದಿಲ್ಲ ಅಷ್ಟೇ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಮೂರರಲ್ಲಿ ಒಬ್ಬರಿಗೆ ಈ ಜೀನ್ ಇದೆ, ಕಾಯಿಲೆ ಬರುವುದು ಅಂಥವರಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ. ಉಳಿದವರಿಗೆ ಯಾಕಿಲ್ಲ ಅನ್ನುವುದು ಇನ್ನೂ ಪೂರ್ತಿ ಬಿಡಿಸದ ಒಗಟು. ಡಿಕ್ಯೂ2 ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಅಪಾಯ ಜಾಸ್ತಿ. ಬೇರೆ ಬೇರೆ ಕ್ರೋಮೋಸೋಮುಗಳಲ್ಲಿ ಇನ್ನೂ ನಲವತ್ತಕ್ಕಿಂತ ಹೆಚ್ಚು ಜಾಗಗಳು ಒಂದಿಷ್ಟು ಕೈ ಆಡಿಸುತ್ತವೆ. ರಿಯೋವೈರಸ್ ಅನ್ನುವ ಸಾಮಾನ್ಯ ಸೋಂಕು ಗ್ಲುಟನ್ ವಿರುದ್ಧ ದೇಹವನ್ನು ಎತ್ತಿಕಟ್ಟಬಹುದು ಅಂತ 2017ರಲ್ಲಿ ಇಲಿಗಳಲ್ಲಿ ತೋರಿಸಿದರು. ಸ್ವೀಡನ್ ದೇಶದಲ್ಲಂತೂ 1980ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ, ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಕಾಯಿಲೆ ನಾಲ್ಕು ಪಟ್ಟು ಏರಿತ್ತು. ಆಮೇಲೆ ತಟ್ಟನೆ ಇಳಿಯಿತು. ಮಕ್ಕಳ ಆಹಾರದಲ್ಲಿ ಗ್ಲುಟನ್ ಪ್ರಮಾಣ, ಅದನ್ನು ಶುರು ಮಾಡುವ ಕಾಲ ಬದಲಾದದ್ದಕ್ಕೆ ಹೀಗಾಯಿತು ಅಂತ ಒಂದು ವಿವರಣೆ. ಅದರ ಬಗ್ಗೆ ಇನ್ನೂ ವಾದ ಇದೆ ಅನ್ನುತ್ತಾಳೆ ಮಗಳು. ಹತ್ತು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗುವುದಿಲ್ಲ, ಅದಂತೂ ನನಗೂ ಗೊತ್ತು.

ನಮ್ಮ ಜಿಲ್ಲೆಯ ತಟ್ಟೆ ಹೇಗೆ ಬದಲಾಗಿದೆ ಅನ್ನುವುದಕ್ಕೆ ಯಾವ ಸರ್ಕಾರಿ ಅಂಕಿಯೂ ನನ್ನ ಬಳಿ ಇಲ್ಲ. ನಮ್ಮಪ್ಪ ಶುರು ಮಾಡಿದ ಲೆಕ್ಕದ ಪುಸ್ತಕ ಇದೆ. ಗಿರಾಕಿಯ ಹೆಸರಿನ ಮುಂದೆ 'ರಾ', 'ಅ', 'ಗೋ' ಅಂತ ಗುರುತು. 1998ರ ಪುಸ್ತಕದಲ್ಲಿ ಒಂದು ಪುಟಕ್ಕೆ 25 ಹೆಸರಿದ್ದರೆ ಎರಡೋ ಮೂರೋ 'ಗೋ' ಇರುತ್ತಿತ್ತು, ಅದೂ ಹಬ್ಬ ಮದುವೆ ಸಮಯದಲ್ಲಿ. ಈಗಿನ ಪುಟದಲ್ಲಿ ಹತ್ತು ಹನ್ನೆರಡು. ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತರುವವರು ನನ್ನ ಲೆಕ್ಕಕ್ಕೇ ಬರುವುದಿಲ್ಲ. ಸಕ್ಕರೆ ಕಾಯಿಲೆ ಬಂದವರಿಗೆಲ್ಲ ರಾತ್ರಿ ಚಪಾತಿ ತಿನ್ನಿ ಅಂತ ಹೇಳಿ ಕಳಿಸುತ್ತೀರಿ. ಊರಿಗೆ ಎರಡು ಬೇಕರಿ ಬಂದಿವೆ. ಸಂಜೆ ಪರೋಟ ಗಾಡಿ. ಹಾಲು ಕುಡಿಯುವ ಕೂಸಿಗೆ ಬಿಸ್ಕೆಟ್ಟನ್ನು ಅದ್ದಿ ಅದ್ದಿ ತಿನ್ನಿಸುತ್ತಾರೆ. ಮದ್ದೂರು ವಡೆಯಲ್ಲಿ ಮೈದಾ, ರವೆ ಮೊದಲಿನಿಂದಲೂ ಇದೆ, ಆದರೆ ಅದು ರೈಲು ಬಂದಾಗ ತಿನ್ನುವ ತಿಂಡಿಯಾಗಿತ್ತು, ದಿನದ ಊಟ ಆಗಿರಲಿಲ್ಲ.

25 ಗ್ರಾಂ ಲೆಕ್ಕ ಇನ್ನೂ ನಿಜವೇ? ನನಗೆ ಅನುಮಾನ. ಆ ಶೇ. 0.10 ಅನ್ನುವ ಅಂಕಿಯನ್ನು ನಮ್ಮ ವೈದ್ಯರು ಕಲ್ಲಿನ ಮೇಲೆ ಕೆತ್ತಿದ ಹಾಗೆ ಇಟ್ಟುಕೊಂಡಿದ್ದಾರೆ ಅಂತ ನನ್ನ ದೂರು. ಕಡಿಮೆ ಇದೆ ಅಂದರೆ ಇಲ್ಲ ಅಂತ ಅರ್ಥ ಅಲ್ಲ, ಅಲ್ವಾ? ಇಲ್ಲ ಅಂದುಕೊಂಡು ಪರೀಕ್ಷೆ ಬರೆಯುವುದಿಲ್ಲ. ಪರೀಕ್ಷೆ ಬರೆಯದೆ ಇದ್ದುದರಿಂದ ಸಿಗುವುದಿಲ್ಲ. ಸಿಗದೆ ಇದ್ದುದರಿಂದ ಇಲ್ಲ. ಗಾಣದ ಎತ್ತಿನ ಹಾಗೆ ಇದೇ ಸುತ್ತು. ನಮ್ಮ ಮಗಳು ಆ ಸುತ್ತಿನಲ್ಲಿ ನಾಲ್ಕು ವರ್ಷ ಸಿಕ್ಕಿಕೊಂಡಳು.

ಹೆಂಡತಿಯ ಕತೆ ಚಿಕ್ಕದು. ಮಗಳಿಗೆ ಕಾಯಿಲೆ ಗೊತ್ತಾದಾಗ, ಅಪ್ಪ ಅಮ್ಮ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ನಮಗೆ ಯಾರೂ ಹೇಳಲಿಲ್ಲ. ಮಗಳೇ ಓದಿ ತಿಳಿದು 2023ರಲ್ಲಿ ಹಟ ಹಿಡಿದು ಮಾಡಿಸಿದಳು. ನನಗೂ ಮಗನಿಗೂ ಇಲ್ಲ ಅಂತ ಬಂತು. ನನ್ನ ಹೆಂಡತಿಗೆ ಇದೆ ಅಂತ ಬಂತು. ಅವಳಿಗೆ ಬೇಧಿ ಇರಲಿಲ್ಲ, ಹೊಟ್ಟೆನೋವೂ ಇರಲಿಲ್ಲ. ಇದ್ದದ್ದು ಇಪ್ಪತ್ತು ವರ್ಷದ ರಕ್ತಹೀನತೆ, ಮೂಳೆ ನೋವು. "ಹೆಂಗಸರಿಗೆ ರಕ್ತ ಕಡಿಮೆ ಇರೋದು ಮಾಮೂಲಿ" ಅನ್ನುವ ಮಾತನ್ನು ಅವಳು ಎಷ್ಟು ಡಾಕ್ಟರ ಬಾಯಲ್ಲಿ ಕೇಳಿದ್ದಾಳೋ ಲೆಕ್ಕವಿಲ್ಲ. ಗೋಧಿ ಬಿಟ್ಟ ಎಂಟು ತಿಂಗಳಿಗೆ ಹಿಮೋಗ್ಲೋಬಿನ್ 11 ದಾಟಿತು. ಮದುವೆಯಾದಾಗಿನಿಂದ ನಾನು ಆ ಅಂಕಿ ನೋಡಿರಲಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ ವೈದ್ಯರಿಗೆ. ಮಗುವಿನ ರಕ್ತ ಟಾನಿಕ್ಕಿಗೆ ಏರದಿದ್ದರೆ, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ, ಬೇಧಿ ತಿಂಗಳುಗಟ್ಟಲೆ ನಿಲ್ಲದಿದ್ದರೆ, ಚಿಕ್ಕ ವಯಸ್ಸಿಗೇ ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ ಬಂದಿದ್ದರೆ, ಒಂದು ಸಲ ಟಿಟಿಜಿ ಬರೆಯಿರಿ. ಜೊತೆಗೆ ಐಜಿಎ ಅನ್ನುವ ಬಗೆಯ ಪ್ರತಿಕಾಯ ಒಟ್ಟು ಎಷ್ಟಿದೆ ಅಂತಲೂ ನೋಡಿ. ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಇರುವುದಿಲ್ಲ, ಅವರಿಗೆ ಕಾಯಿಲೆ ಇದ್ದರೂ ಟಿಟಿಜಿ ಐಜಿಎ ಪರೀಕ್ಷೆ ಇಲ್ಲ ಅಂತ ಸುಳ್ಳು ಹೇಳುತ್ತದೆ. ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ ಅಂತ ಬಾಯಿಬಿಟ್ಟು ಹೇಳಿ. ಇದು ನನ್ನ ಸ್ವಂತ ಬುದ್ಧಿ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೀಲಿಯಾಕ್ ಬಗ್ಗೆ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಓಪಿಡಿ ಕೋಣೆಯ ಗೋಡೆಗೆ ಅದರ ಸಾರಾಂಶವನ್ನು ಒಂದು ಹಾಳೆಯಲ್ಲಿ ಅಂಟಿಸಿದರೂ ಸಾಕು.

ಎರಡನೆಯದು ಸಂಶೋಧಕರಿಗೆ. ಮೈಸೂರಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ, ವಿಶ್ವವಿದ್ಯಾನಿಲಯ ಇದೆ. ಮಂಡ್ಯದಲ್ಲೂ ಮೆಡಿಕಲ್ ಕಾಲೇಜು ಬಂದು ಎಷ್ಟೋ ವರ್ಷ ಆಯಿತು. ನಮ್ಮ ಎರಡು ಜಿಲ್ಲೆಯ ಮಕ್ಕಳ, ಹೆಂಗಸರ ರಕ್ತವನ್ನು ನೀವೇ ನೋಡಿ. ರಕ್ತಹೀನತೆಗೆ ಅಂತ ಹೇಗೂ ಶಾಲೆಗಳಲ್ಲಿ ಬೆರಳು ಚುಚ್ಚುತ್ತೀರಿ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ಏರದವರಲ್ಲಿ ಎಷ್ಟು ಜನಕ್ಕೆ ಟಿಟಿಜಿ ಪ್ರತಿಕಾಯ ಇದೆ? ಅವರಲ್ಲಿ ಡಿಕ್ಯೂ2 ಎಷ್ಟು, ಡಿಕ್ಯೂ8 ಎಷ್ಟು? ದಿನಕ್ಕೆ ಗೋಧಿ ಎಷ್ಟು ತಿನ್ನುತ್ತಾರೆ? ಹೊಲ ಗದ್ದೆಯ ಮನೆಯಲ್ಲಿ ಎಷ್ಟು, ಮೈಸೂರಿನ ಬಡಾವಣೆಯ ಮನೆಯಲ್ಲಿ ಎಷ್ಟು? ಒಂದೇ ಜೀನ್, ಎರಡು ತರಹದ ಊಟ, ಐವತ್ತು ಕಿಲೋಮೀಟರು ಅಂತರದಲ್ಲಿ ಸಿಗುತ್ತದೆ. ಈ ಕಾಯಿಲೆಯ ಒಗಟು ಬಿಡಿಸಲು ಇದಕ್ಕಿಂತ ಒಳ್ಳೆ ಜಾಗ ಇದೆಯಾ? ಕಡಿಮೆ ಅಂತಲೇ ಫಲಿತಾಂಶ ಬಂದರೂ ಸಂತೋಷ. ರಾಗಿ ಎಷ್ಟರ ಮಟ್ಟಿಗೆ ಕಾಪಾಡಿದೆ ಅಂತ ಲೆಕ್ಕವಾದರೂ ಸಿಕ್ಕೀತು.

ಸಾಮಾನ್ಯರ ಮಾತಿನಿಂದಲೂ ವಿಜ್ಞಾನ ಹುಟ್ಟುತ್ತದೆ ಅನ್ನುವುದಕ್ಕೆ ಮಗಳು ಹೇಳಿದ ಒಂದು ಕತೆ ನನಗೆ ಬಹಳ ಇಷ್ಟ. ಡಿಕ್ಕೆ ಅಂತ ನೆದರ್ಲೆಂಡ್ಸಿನ ಒಬ್ಬ ಮಕ್ಕಳ ವೈದ್ಯರು. 1944ರ ಕೊನೆ, 1945ರ ಆರಂಭದ ಚಳಿಗಾಲ. ಯುದ್ಧದಲ್ಲಿ ದೇಶಕ್ಕೆ ಬ್ರೆಡ್ಡೇ ಇಲ್ಲದೆ ಜನ ಹಸಿವಿನಿಂದ ಸಾಯುತ್ತಿದ್ದರು. ಅವರ ಆಸ್ಪತ್ರೆಯ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ಡು ವಾಪಸ್ ಬಂದಾಗ ಮತ್ತೆ ಮಲಗಿದವು. ಗೋಧಿಯೇ ಕಾರಣ ಅನ್ನುವ ಅವರ ಪ್ರಬಂಧ 1950ರಲ್ಲಿ ಬಂತು. ಅದೇ ನಮ್ಮ ಮಗಳ ಬೇಸಿಗೆ ರಜೆಯಲ್ಲೂ ನಡೆದಿತ್ತು. ನಮ್ಮ ಅತ್ತೆಗೆ ಗೊತ್ತಾಗಿತ್ತು. ಬರೆದುಕೊಳ್ಳುವವರು ಇರಲಿಲ್ಲ.

ಇನ್ನು ಧೂಳಿನ ವಿಷಯ. ಇದು ಆಹಾರ ವಿಜ್ಞಾನಿಗಳಿಗೆ, ಮತ್ತು ಇದರಲ್ಲಿ ನಾನೂ ತಪ್ಪಿತಸ್ಥ.

ಹಳ್ಳಿ ಮಿಲ್ಲುಗಳಲ್ಲಿ ಸಾಮಾನ್ಯವಾಗಿ ಕಾರದ ಪುಡಿಗೆ ಒಂದು ಮಿಷನ್ನು, ಧಾನ್ಯಕ್ಕೆಲ್ಲ ಒಂದು ಮಿಷನ್ನು. ಗೋಧಿ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ, ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಲ್ಲಿ ಹಿಟ್ಟು ಉಳಿದೇ ಉಳಿಯುತ್ತದೆ. ಮುಂದಿನವರ ರಾಗಿಗೆ ಅದು ಸೇರುತ್ತದೆ. ಭಾರತದ ಆಹಾರ ಸುರಕ್ಷತೆ ನಿಯಮದಲ್ಲಿ ಗ್ಲುಟನ್ ಫ್ರೀ ಅಂತ ಬರೆಯಲು ಒಂದು ಕೆ.ಜಿ.ಗೆ 20 ಮಿಲಿಗ್ರಾಂ ಗ್ಲುಟನ್ ಮೀರಬಾರದು. ಮಿಲ್ಲಿನವನ ಲೆಕ್ಕದಲ್ಲಿ ಹೇಳುತ್ತೇನೆ: ಒಂದು ಕೆ.ಜಿ. ರಾಗಿ ಹಿಟ್ಟಿಗೆ ಹೆಚ್ಚು ಕಡಿಮೆ ಕಾಲು ಗ್ರಾಂ ಗೋಧಿ ಹಿಟ್ಟು ಬಿದ್ದರೆ ಆ ಮಿತಿ ಮುಟ್ಟಿತು. ಕಾಲು ಗ್ರಾಂ ಅಂದರೆ ಒಂದು ಚಿಟಿಕೆ. ನನ್ನ ಮಿಷನ್ನಿನಲ್ಲಿ ಉಳಿಯುತ್ತಿದ್ದದ್ದು ಹಿಡಿಗಟ್ಟಲೆ. ಕಾಯಿಲೆ ಗೊತ್ತಾಗಿ ಗೋಧಿ ಬಿಟ್ಟ ಮೇಲೂ ಮಗಳ ಟಿಟಿಜಿ ವರ್ಷಗಟ್ಟಲೆ ಇಳಿಯದಿದ್ದಾಗ ನನಗೆ ಹೊಳೆದದ್ದು ಇದು. ಶುದ್ಧ ರಾಗಿ ಅಂತ ಕೊಡುತ್ತಿದ್ದೆ, ಗೋಧಿ ಸೇರಿಸಿ ಕೊಡುತ್ತಿದ್ದೆ. ಸಂಘದಲ್ಲಿ ಸಾಲ ಮಾಡಿ ರಾಗಿಗೆ ಬೇರೆ ಮಿಷನ್ನು, ಬೇರೆ ಕೋಣೆ ಮಾಡಿದೆ. ಟಿಟಿಜಿ ಇಳಿಯಿತು.

ಎಲ್ಲ ಮಿಲ್ಲಿನವರಿಗೂ ಎರಡನೇ ಮಿಷನ್ನು ಸಾಧ್ಯವಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬ ಮಹಲಿನಲ್ಲಿ ಕೂತು ಆಹಾರದ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿನ ವಿಜ್ಞಾನಿಗಳಿಗೆ ನನ್ನದು ಬಹಳ ಸಣ್ಣ ಬೇಡಿಕೆ. ಗೋಧಿ ಬೀಸಿದ ಮಿಷನ್ನಿನಲ್ಲಿ ಎಷ್ಟು ಕೆ.ಜಿ. ಅಕ್ಕಿ ಬೀಸಿ ಚೆಲ್ಲಿದರೆ ರಾಗಿ 20 ಮಿಲಿಗ್ರಾಮಿನೊಳಗೆ ಬರುತ್ತದೆ? ಬೆಳಿಗ್ಗೆ ಮೊದಲು ರಾಗಿ, ಆಮೇಲೆ ಗೋಧಿ ಅಂತ ಸಮಯ ಹಂಚಿದರೆ ಸಾಕಾ? ಬಟ್ಟೆ ಚೀಲ ಒಗೆದರೆ ಹೋಗುತ್ತದಾ? ಇಷ್ಟನ್ನು ಪರೀಕ್ಷೆ ಮಾಡಿ, ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಅಂಗಡಿಯಲ್ಲಿ ಮಾರುವ, ಪಡಿತರದಲ್ಲಿ ಕೊಡುವ ರಾಗಿಯಲ್ಲೂ ಗೋಧಿ ಎಷ್ಟು ಬೆರೆತಿದೆ ಅಂತ ಮಾದರಿ ತೆಗೆದು ನೋಡಿ. ರಾಗಿಗೆ ಈಗ ಸಿರಿಧಾನ್ಯ ಅಂತ ಮರ್ಯಾದೆ ಬಂದಿದೆ. 2023ನೇ ವರ್ಷವನ್ನೇ ವಿಶ್ವಸಂಸ್ಥೆ ಅದಕ್ಕೆ ಕೊಟ್ಟಿತ್ತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ಮಾಡಿದ್ದರಿಂದ ನಮ್ಮ ಹೊಲಗಳು ತುಂಬಿದವು. ಬೆಳೆಯುವುದನ್ನು ಈ ಜಿಲ್ಲೆಯ ವಿಜ್ಞಾನಿಗಳು ಕಲಿಸಿದರು. ಬೀಸುವುದನ್ನೂ ಕಲಿಸಿ ಅಂತ ಕೇಳುತ್ತಿದ್ದೇನೆ.

ಇಂಗಿನ ಬಗ್ಗೆ ಹೇಳದಿದ್ದರೆ ಮನೆಯವಳು ನನ್ನನ್ನು ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗಿನ ಡಬ್ಬಿಯಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಇರುತ್ತದೆ. ಸಾರು, ಪುಳಿಯೋಗರೆ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲಕ್ಕೂ ಅದೇ ಒಗ್ಗರಣೆ. ಗೋಧಿ ಇದ್ದರೆ ಲೇಬಲಿನಲ್ಲಿ ಹೇಳಬೇಕು ಅಂತ ನಿಯಮ ಇದೆ, ಹೇಳಿಯೂ ಇರುತ್ತಾರೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ. ನನ್ನ ಹೆಂಡತಿ ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ. 'ಇದರಲ್ಲಿ ಗೋಧಿ ಇದೆ' ಅನ್ನುವ ಮೂರು ಪದ ಕನ್ನಡದಲ್ಲಿ ಬರೆಸಲು ನಿಮ್ಮಂಥ ದೊಡ್ಡವರು ಒಂದು ಮಾತು ಹೇಳಿದರೆ ಕಂಪನಿಗಳು ಕೇಳಬಹುದು.

ಗೋಧಿ ವಿಷ ಅಂತ ನಾನು ಹೇಳುತ್ತಿಲ್ಲ. ಹಾಗೆ ವಾಟ್ಸಾಪಿನಲ್ಲಿ ಬರುತ್ತಿದೆ, ಅದನ್ನು ನಂಬಿ ತೂಕ ಇಳಿಸಲು ಗ್ಲುಟನ್ ಫ್ರೀ ಬಿಸ್ಕೆಟ್ಟಿಗೆ ದುಪ್ಪಟ್ಟು ದುಡ್ಡು ಕೊಡುವವರು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. ನನ್ನ ಮಗ ಚಪಾತಿ ತಿನ್ನುತ್ತಾನೆ, ನಾನೂ ತಿನ್ನುತ್ತೇನೆ, ಗೋಧಿ ಬೀಸಿಯೇ ಅರ್ಧ ಸಂಸಾರ ನಡೆಯುವುದು. ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುವವರು ಇದ್ದಾರೆ. ಅವರಲ್ಲಿ ಕೆಲವರಿಗೆ ಗ್ಲುಟನ್ ಬದಲು ಗೋಧಿಯ ಫ್ರಕ್ಟಾನ್ ಅನ್ನುವ ಪಿಷ್ಟದಂಥ ಅಂಶ ಆಗದೇ ಇರಬಹುದಂತೆ. ಅವರ ಕಷ್ಟವೂ ಸುಳ್ಳಲ್ಲ. ಆದರೆ ಫ್ಯಾಷನ್ನಿಗೆ ಬಿಡುವವರಿಂದ ನಮಗೆ ಆಗುವ ತೊಂದರೆ ಬೇರೆ. ಹಾಸ್ಟೆಲಿನಲ್ಲಿ ಮಗಳು "ಚಪಾತಿ ಕಾವಲಿಯಲ್ಲೇ ನನ್ನ ದೋಸೆ ಹುಯ್ಯಬೇಡಿ" ಅಂದರೆ, "ಏನಮ್ಮ, ನಿಂದೂ ಡಯಟ್ಟಾ?" ಅಂತ ನಗುತ್ತಾರೆ.

ಟ್ರಾನ್ಸ್‌ಗ್ಲುಟಮಿನೇಸನ್ನು ತಡೆಯುವ ಒಂದು ಮಾತ್ರೆಯಿಂದ ಕರುಳಿಗೆ ಹಾನಿ ಕಡಿಮೆಯಾಯಿತು ಅಂತ 2021ರಲ್ಲಿ ಒಂದು ಪ್ರಯೋಗದ ವರದಿ ಬಂದಿದೆ. ಮಗಳು ಅದನ್ನು ಆಸೆಯಿಂದ ನೋಡುತ್ತಿದ್ದಾಳೆ. ಅದು ಅಂಗಡಿಗೆ ಬರುವ ತನಕ ಅವಳಿಗೆ ಔಷಧಿ ಅಂದರೆ ಗೋಧಿ ಸೇರದ ಊಟ ಒಂದೇ. ಆ ಊಟ ನಮ್ಮ ಸೀಮೆಯಲ್ಲಿ ಹೊಲದಿಂದ ಹೊರಡುವಾಗ ಶುದ್ಧವಾಗಿಯೇ ಇರುತ್ತದೆ.

ನೀವು ಯಾರಾದರೂ ಈ ಕೆಲಸ ಕೈಗೆತ್ತಿಕೊಂಡರೆ ನನ್ನಿಂದ ಆಗುವ ಸಹಾಯ ಮಾಡುತ್ತೇನೆ. ನಮ್ಮ ನಾಲ್ವರ ರಕ್ತ ಕೊಡುತ್ತೇವೆ. ಹೆಂಡತಿಯ ತವರಿನವರನ್ನು ನಾನು ಒಪ್ಪಿಸುತ್ತೇನೆ, ಅಲ್ಲಿ ರಕ್ತಹೀನತೆ ಇಲ್ಲದ ಹೆಂಗಸರೇ ಇಲ್ಲ. 1998ರಿಂದ ಇಲ್ಲಿಯವರೆಗಿನ ಲೆಕ್ಕದ ಪುಸ್ತಕಗಳೂ ಇವೆ. ಎರಡು ಪುಸ್ತಕಕ್ಕೆ ಗೆದ್ದಲು ಹಿಡಿದಿದೆ, ಉಳಿದವು ಚೆನ್ನಾಗಿವೆ. ಹಿಟ್ಟಿನ ಮಾದರಿ ತೆಗೆಯಲು ಬರುವುದಾದರೆ ಬೆಳಿಗ್ಗೆ ಹತ್ತರೊಳಗೆ ಬನ್ನಿ, ಆಮೇಲೆ ನಮ್ಮಲ್ಲಿ ಕರೆಂಟು ಇರುವುದಿಲ್ಲ. ಗೋಧಿ ಮಿಷನ್ನನ್ನು ಹೇಗೆ ಬೇಕಾದರೂ ಮುಟ್ಟಿ ನೋಡಿ. ರಾಗಿ ಕೋಣೆಗೆ ಮಾತ್ರ ಕೈ ತೊಳೆದುಕೊಂಡು ಒಳಗೆ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಮದ್ದೂರು ತಾಲ್ಲೂಕಿನ ಒಬ್ಬ ಹಿಟ್ಟಿನ ಮಿಲ್ಲಿನವ